ಟಾಕ್ಸೊಪ್ಲಾಸ್ಮಾ ‘ಪಾಸಿಟಿವ್’ ಅಂತ ಬಂದರೆ ಬೆಕ್ಕನ್ನು ಓಡಿಸಬೇಕೆ?

ಟಾಕ್ಸೊಪ್ಲಾಸ್ಮಾ ಎಂಬುದು ಬೆಕ್ಕಿನ ಮಲದಿಂದಲೂ ಸರಿಯಾಗಿ ಬೇಯದ ಮಾಂಸದಿಂದಲೂ ಹರಡುವ, ಕಣ್ಣಿಗೆ ಕಾಣದ ಪರೋಪಜೀವಿ. ಬಸುರಿಯ ಟಾರ್ಚ್ ಟೆಸ್ಟಿನಲ್ಲಿ (ಹೊಟ್ಟೆಯ ಮಗುವಿಗೆ ಹಾನಿ ಮಾಡಬಲ್ಲ ಕೆಲವು ಸೋಂಕುಗಳ ರಕ್ತಪರೀಕ್ಷೆ) ಅದರ ಐಜಿಜಿ ‘ಪಾಸಿಟಿವ್’ ಎಂದು ಬಂದರೆ, ಮನೆಯವರು ಮೊದಲು ಮಾಡುವ ಕೆಲಸ ಬೆಕ್ಕನ್ನು ದೂರ ಬಿಟ್ಟುಬರುವುದು. ಪಾಪದ ಬೆಕ್ಕು! ಐಜಿಜಿ, ಐಜಿಎಂ ಎಂದರೆ ಸೋಂಕಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಎರಡು ಬಗೆಯ ಪ್ರತಿಕಾಯಗಳು. ಬಸಿರಿನ ಮೊದಲ ತಿಂಗಳುಗಳಲ್ಲಿ ಐಜಿಜಿ ಮಾತ್ರ ಪಾಸಿಟಿವ್ ಇದ್ದು ಐಜಿಎಂ ನೆಗೆಟಿವ್ ಇದ್ದರೆ, ಸೋಂಕು ಹಿಂದೆಂದೋ ಬಂದು ಹೋಗಿದೆ ಎಂದರ್ಥ. ರೋಗನಿರೋಧಕ ಶಕ್ತಿ ಸರಿಯಿರುವ ಹೆಂಗಸಿಗೆ ಇದು ಒಂದು ರೀತಿಯಲ್ಲಿ ರಕ್ಷಣೆಯೇ, ಔಷಧಿ ಬೇಡ. ಎಚ್ಚರ ಬೇಕಾದ್ದು ಎರಡೂ ನೆಗೆಟಿವ್ ಇರುವವರಿಗೆ. ಮೊದಲ ಸೋಂಕು ಬಸಿರಿನಲ್ಲೇ ತಗುಲಿದರೆ ಅಪಾಯ.

ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ 1ರಿಂದ 3 ವಾರ ಮಾತ್ರ ಮಲದಲ್ಲಿ ಈ ಪರೋಪಜೀವಿಯ ಕೋಶಗಳನ್ನು ಹೊರಹಾಕುತ್ತದೆ. ಅವು ಸೋಂಕು ತಗುಲಿಸುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಆಮೇಲೆ ತೇವದ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಬದುಕಬಲ್ಲವು. ಕಾಫಿ ತೋಟದ ನೆರಳು, ಕೊಡಗಿನ ಮಳೆ ಅವಕ್ಕೆ ಹೇಳಿ ಮಾಡಿಸಿದ ಜಾಗ. ಹಾಗಾಗಿ ಮಡಿಲಲ್ಲಿ ಮಲಗುವ ಬೆಕ್ಕಿಗಿಂತ ಅದು ಕೆದಕಿ ಮುಚ್ಚಿಹೋಗುವ ಜಾಗಗಳ ಮೇಲೆ ಕಣ್ಣಿಡಿ: ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಹಿಂದಿನ ಮರಳು ರಾಶಿ, ಸೊಪ್ಪಿನ ಪಾತಿ, ಸಸಿಮಡಿಯ ಮಣ್ಣು. ನರ್ಸರಿ ಚೀಲಕ್ಕೆ ಮಣ್ಣು ತುಂಬುವ ಬಸುರಿ ಕೈಗವಸು ಹಾಕಲಿ. ಎಲೆ ಅಡಿಕೆ ಬಾಯಿಗಿಡುವ ಮೊದಲು ಸೋಪು ಹಚ್ಚಿ ಕೈ ತೊಳೆಯಲಿ. ತೋಡಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಈ ಕೋಶ ಸಾಯುವುದಿಲ್ಲ, ಕುದಿಸಲೇಬೇಕು.

ಇನ್ನು ಮಾಂಸ. ಕೊಡಗಿನ ಹಂದಿಮಾಂಸದ ಅಡುಗೆ ಪಂದಿಕರಿಯ ಬಗ್ಗೆ ಅನೇಕರು ಕೇಳುತ್ತಾರೆ. ತುಂಡು ಒಳಗೂ ಮೆತ್ತಗಾಗುವವರೆಗೆ ಬೆಂದ ಪಂದಿಕರಿ ಧಾರಾಳವಾಗಿ ತಿನ್ನಬಹುದು. ಮಾಂಸದ ನಡುಭಾಗ 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರೋಪಜೀವಿ ಉಳಿಯದು. ಆದರೆ ಅದಕ್ಕೆ ಹಾಕುವ ಕಾಚಂಪುಳಿಯ (ಹಣ್ಣಿನ ರಸದಿಂದ ಮಾಡುವ ಕಪ್ಪು ಹುಳಿ) ಹುಳಿ, ಉಪ್ಪು, ಒಲೆಯ ಹೊಗೆ ಇವನ್ನು ನಂಬಬೇಡಿ. ಕೆಂಡದ ಮೇಲೆ ಸುಟ್ಟು ಒಳಗೆ ಕೆಂಪಗೇ ಉಳಿದ ತುಂಡು ಬೇಡ. ಹಸಿ ಮಾಂಸ ಕಲಸುವಾಗ ಉಪ್ಪು ಖಾರ ನೋಡಲು ನಾಲಿಗೆಗೆ ಹಚ್ಚುವುದು, ಅದೇ ಕತ್ತಿ ಹಲಗೆಯಲ್ಲಿ ಸೌತೆಕಾಯಿ ಹೆಚ್ಚುವುದು, ಇವೇ ಯಾರ ಗಮನಕ್ಕೂ ಬಾರದ ತಪ್ಪುಗಳು.

ಐಜಿಎಂ ಪಾಸಿಟಿವ್ ಬಂದರೂ ತೀರ್ಪು ಕೊಡುವ ಅವಸರ ಬೇಡ. ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ದಾಟಿಯೂ ಉಳಿಯುತ್ತದೆ, ಕೆಲವೊಮ್ಮೆ ಸುಳ್ಳೂ ಇರುತ್ತದೆ. ಇದೊಂದೇ ರಿಪೋರ್ಟ್ ನೋಡಿ ಗರ್ಭ ತೆಗೆಸುವ ಮಾತಾಡುವುದು ಘೋರ ತಪ್ಪು. 2–3 ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮರುಪರೀಕ್ಷೆ, ಜೊತೆಗೆ ಐಜಿಜಿ ಅವಿಡಿಟಿ (ಪ್ರತಿಕಾಯ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ನೋಡಿ ಸೋಂಕು ಹಳೆಯದೇ ಎಂದು ಅಂದಾಜಿಸುವ ಪರೀಕ್ಷೆ) ಮಾಡಿಸಬೇಕು. ಮೊದಲ 12 ವಾರಗಳೊಳಗೆ ಅವಿಡಿಟಿ ಹೆಚ್ಚು ಬಂದರೆ ಸೋಂಕು ಬಸಿರಿಗೂ ಮುಂಚಿನದು. ಕಡಿಮೆ ಬಂದರೆ ಹೊಸದೆಂದು ಖಚಿತವಾಗದು.

ಹೊಸ ಸೋಂಕಿನ ಶಂಕೆ ಬಲವಾದರೆ, 18 ವಾರಕ್ಕೆ ಮುಂಚೆ ಸಾಮಾನ್ಯವಾಗಿ ಸ್ಪೈರಾಮೈಸಿನ್ ಎಂಬ ಔಷಧಿಯನ್ನು 1 ಗ್ರಾಂನಂತೆ ದಿನಕ್ಕೆ ಮೂರು ಹೊತ್ತು ಕೊಡುತ್ತೇವೆ. 18 ವಾರ ತುಂಬಿದ ಮೇಲೆ ಗರ್ಭದ ನೀರು ತೆಗೆದು ಪಿಸಿಆರ್ (ಪರೋಪಜೀವಿಯ ಡಿಎನ್ಎ ಹುಡುಕುವ ಪರೀಕ್ಷೆ) ಮಾಡಿಸಿದರೆ ಸೋಂಕು ಮಗುವಿಗೆ ದಾಟಿದೆಯೇ ಎಂದು ತಿಳಿಯುತ್ತದೆ. ದಿನ ತುಂಬಿದಂತೆ ದಾಟುವ ಸಂಭವ ಹೆಚ್ಚು, ಹಾನಿ ಕಡಿಮೆ. ಮೊದಲ ತಿಂಗಳುಗಳಲ್ಲಿ ಇದು ತಿರುಗುಮುರುಗು. ಸೋಂಕು ದಾಟಿದ ಮಗು ಹುಟ್ಟಿದಾಗ ಆರೋಗ್ಯವಾಗಿ ಕಂಡರೂ, ಅದರ ಕಣ್ಣಿನ ಅಕ್ಷಿಪಟಲವನ್ನು ವರ್ಷಗಳ ಕಾಲ ಆಗಾಗ ಪರೀಕ್ಷಿಸುತ್ತಿರಬೇಕು.