ಇಂಗ್ಲಿಷ್ ಬಾರದ ಮಕ್ಕಳು ಇಂಗ್ಲಿಷ್ ಚಿತ್ರಪುಸ್ತಕ ಓದಬಹುದಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ. ಜೂನ್ 19ರ ವಾಚನ ದಿನಕ್ಕೆ, ಪ್ರಶಸ್ತಿ ಬಂದ ಚಿತ್ರಪುಸ್ತಕಗಳ ಹಬ್ಬ ಮಾಡೋಣ ಅಂತಿದ್ದೇವೆ. ಸಿಕ್ಕಿದ್ದೆಲ್ಲ ಇಂಗ್ಲಿಷ್ ಪುಸ್ತಕಗಳು. ಮಕ್ಕಳಿಗೆ ಅರ್ಥ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ ಟೀಚರೇ. ಪುಸ್ತಕದ ರಟ್ಟಿನ ಮೇಲೆ ಬಂಗಾರ ಬಣ್ಣದ ದುಂಡು ಮುದ್ರೆ ಇದೆಯಾ ನೋಡಿ. ಹಿಡಿತ ತಪ್ಪಿ ಓಡುವ ಕುದುರೆ, ಮೇಲೊಬ್ಬ ಸವಾರ, ಹೆದರಿ ಓಡುವ ಬಾತುಗಳು. ಅದು ಕಾಲ್ಡೆಕಾಟ್ ಪದಕ. ಅಮೆರಿಕದ ಗ್ರಂಥಾಲಯ ಸಂಘ 1938ರಿಂದ ಕೊಡುತ್ತಿದೆ. ಈ ಪದಕ ಸಿಗುವುದು ಕತೆ ಬರೆದವರಿಗಲ್ಲ, ಚಿತ್ರ ಬರೆದವರಿಗೆ. ನಮ್ಮ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುವ ಬಾಲ ಸಾಹಿತ್ಯ ಪುರಸ್ಕಾರ ಬರೆದವರಿಗೆ ಹೋಗುತ್ತದೆ. ಚಿತ್ರಕ್ಕೇ ಬಹುಮಾನ ಬಂದ ಪುಸ್ತಕ ನೋಡಲು ಇಂಗ್ಲಿಷ್ ಕಲಿಯುವ ತನಕ ಯಾಕೆ ಕಾಯಬೇಕು?

ಮಾತೇ ಇಲ್ಲದ ಪುಸ್ತಕದಿಂದ ಶುರು ಮಾಡಿ. ಡೇವಿಡ್ ವೀಸ್ನರ್ ಅವರ 'ಫ್ಲಾಟ್ಸಮ್' 2007ರಲ್ಲಿ ಪದಕ ಪಡೆಯಿತು. ಕಡಲ ಬದಿಯಲ್ಲಿ ಹುಡುಗನಿಗೆ ಒಂದು ಹಳೇ ಕ್ಯಾಮೆರಾ ಸಿಗುತ್ತದೆ. ಅದರೊಳಗಿನ ಒಂದು ಫೋಟೋದಲ್ಲಿ ಒಂದು ಮಗು, ಆ ಮಗುವಿನ ಕೈಯ ಫೋಟೋದಲ್ಲಿ ಇನ್ನೊಂದು ಮಗು. ಮಂಜೇಶ್ವರ, ಕುಂಬಳೆಯ ಕಡಲು ಕಂಡ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಜೆರ‍್ರಿ ಪಿಂಕ್ನಿ ಅವರ ಸಿಂಹ ಮತ್ತು ಇಲಿಯ ಪುಸ್ತಕಕ್ಕೆ 2010ರಲ್ಲಿ ಬಂತು. ಅದರಲ್ಲಿ ಪ್ರಾಣಿಗಳ ಸದ್ದು ಬಿಟ್ಟರೆ ಬೇರೆ ಮಾತಿಲ್ಲ.

ಕತೆ ಮಕ್ಕಳೇ ಹೇಳಲಿ. ತುಳು, ಹವ್ಯಕ, ಮಲಯಾಳ, ಬ್ಯಾರಿ, ಯಾವುದರಲ್ಲಾದರೂ ಸರಿ. ನಮ್ಮ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಕ್ಲಾಸಲ್ಲಿ ಮತ್ತೊಂದು ಆಡುವವರು. ತಪ್ಪಾದೀತೆಂದು ಬಾಯಿ ಮುಚ್ಚಿ ಕೂರುವ ಮಗು ಇಂಥ ಪುಸ್ತಕದ ಮುಂದೆ ಮಾತಾಡುವುದನ್ನು ನೋಡುವುದೇ ಒಂದು ಖುಷಿ.

ಮಾತಿರುವ ಪುಸ್ತಕವಾದರೆ ಮೊದಲ ಸಲ ಚಿತ್ರ ಮಾತ್ರ ತೋರಿಸಿ. ಎಜ್ರಾ ಜಾಕ್ ಕೀಟ್ಸ್ ಅವರ 'ದಿ ಸ್ನೋಯಿ ಡೇ' 1963ರ ಪದಕದ ಪುಸ್ತಕ. ಕೆಂಪು ಉಡುಪಿನ ಪುಟ್ಟ ಪೀಟರ್ ಹಿಮದ ಉಂಡೆ ಕಟ್ಟಿ, ನಾಳೆಗಿರಲಿ ಅಂತ ಕಿಸೆಯಲ್ಲಿ ಇಟ್ಟುಕೊಂಡು ಮನೆಯೊಳಗೆ ಹೋಗುತ್ತಾನೆ. ಇಲ್ಲಿ ನಿಲ್ಲಿಸಿ. ಪುಟ ಮಗುಚಬೇಡಿ. ನಮ್ಮ ಮಕ್ಕಳು ಹಿಮ ಕಂಡಿಲ್ಲ, ನಿಜ. ಆದರೆ ಬೇಸಿಗೆ ಮಳೆಗೆ ಆಲಿಕಲ್ಲು ಹೆಕ್ಕಿ ಮುಷ್ಟಿಯಲ್ಲಿ ಹಿಡಿದುಕೊಂಡವರು ಅಲ್ವಾ? ಮುಂದೇನಾಯಿತು ಅಂತ ಅವರೇ ಹೇಳುತ್ತಾರೆ. ಮಲಗುವ ಮುಂಚೆ ಪೀಟರ್ ನೋಡಿದಾಗ ಕಿಸೆ ಖಾಲಿ. ಕರಗಿತು ಅಂತ ಪುಸ್ತಕ ಅಲ್ಲಿ ಹೇಳುವುದಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಒಂದೊಂದು ಪ್ರತಿ ಇದ್ದರೆ ಸಾಕು. ಐದಾರು ಮಕ್ಕಳು ಚಾಪೆ ಮೇಲೆ ಸುತ್ತ ಕೂತು ನೋಡಲಿ. ಪ್ರೊಜೆಕ್ಟರಿಗಿಂತ ಪುಟ ಮಗುಚುವ ಕೈ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನಾಲ್ಕೈದನ್ನು ಪ್ರಿಂಟ್ ತೆಗೆದು ಜೊತೆಗಿಡಿ.

ಕೊನೆಗೆ ಮಕ್ಕಳೇ ಪ್ರಶಸ್ತಿ ಕೊಡಲಿ. ಹಬ್ಬದ ಜೀವ ಇರುವುದು ಇಲ್ಲೇ. ಪ್ರತಿ ಪುಸ್ತಕದ ಮುಂದೆ ಒಂದು ಗೆರಟೆ, ಪ್ರತಿ ಮಗುವಿನ ಕೈಗೆ ಒಂದು ಮಂಜೊಟ್ಟಿ ಕಾಳು. ಇಷ್ಟವಾದ ಪುಸ್ತಕದ ಗೆರಟೆಗೆ ಕಾಳು ಹಾಕುವ ಮೊದಲು, ಯಾವ ಪುಟಕ್ಕಾಗಿ ಹಾಕುತ್ತಿದ್ದೇನೆ ಅಂತ ಆ ಪುಟ ತೆರೆದು ತೋರಿಸಬೇಕು. 'ಚೆಂದ ಉಂಟು' ಅಂದರೆ ಸಾಲದು. ಪದಕಕ್ಕೆ ಅಡಿಕೆ ಹಾಳೆ ಆಗುತ್ತದೆ. ನೀರಲ್ಲಿ ನೆನೆಸಿಟ್ಟರೆ ಕತ್ತರಿಯಲ್ಲಿ ಸುಲಭವಾಗಿ ದುಂಡಗೆ ಕತ್ತರಿಸಬಹುದು. ಒಣಗಿದ ಮೇಲೆ ಮುಂದುಗಡೆ ಮಕ್ಕಳು ತಮಗಿಷ್ಟವಾದ ಚಿತ್ರ ಬರೆಯಲಿ, ಹಿಂದುಗಡೆ ಗೆದ್ದ ಚಿತ್ರಕಾರರ ಹೆಸರನ್ನು ಕನ್ನಡದಲ್ಲಿ ಬರೆಯಲಿ.