ರಿಪೋರ್ಟ್ ನೋಡಿ ಹಣ್ಣು ಬಿಟ್ಟವರು

ಪರಾಗದ ಅಲರ್ಜಿಯಿರುವವರು ರಕ್ತಪರೀಕ್ಷೆಯ ರಿಪೋರ್ಟ್ ತಂದು ಮೇಜಿನ ಮೇಲಿಟ್ಟಾಗ, ಅದರಲ್ಲಿ ಪಾಸಿಟಿವ್ ಬಂದ ಹಣ್ಣು, ತರಕಾರಿಗಳ ಹೆಸರಿನ ಕೆಳಗೆಲ್ಲ ಆಗಲೇ ಗೆರೆ ಎಳೆದಿರುತ್ತದೆ. ಅವನ್ನು ತಿಂದಾಗ ಏನಾಗಿತ್ತೆಂದು ಕೇಳಿದರೆ, "ಏನೂ ಆಗಿರಲಿಲ್ಲ ಡಾಕ್ಟರೇ, ಆದರೆ ರಿಪೋರ್ಟಿನಲ್ಲಿ ಇದೆಯಲ್ಲ" ಎನ್ನುತ್ತಾರೆ. ಏನೂ ಆಗದಿದ್ದರೆ ಬಿಟ್ಟದ್ದೇಕೆ?

ಬರ್ಚ್ ಮರದ ಪರಾಗದಲ್ಲಿರುವ ಮುಖ್ಯ ಅಲರ್ಜಿಕಾರಕ ಪ್ರೋಟೀನನ್ನೇ ಬಹುವಾಗಿ ಹೋಲುವ ಪ್ರೋಟೀನುಗಳು ಸೇಬು, ಚೆರ್ರಿ, ಪೀಚ್, ಕ್ಯಾರೆಟ್, ಹೇಜಲ್‌ನಟ್ ಮತ್ತು ಸೋಯಾಗಳಲ್ಲಿಯೂ ಇವೆ. ಪರಾಗದ ವಿರುದ್ಧ ದೇಹದಲ್ಲಿ ಹುಟ್ಟಿದ, ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯವು ಈ ಹೋಲಿಕೆಯಿಂದಾಗಿ ಸೇಬಿನ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ, ಪರೀಕ್ಷೆ ಅಳೆಯುವುದು ಈ ಅಂಟಿಕೊಳ್ಳುವಿಕೆಯನ್ನಷ್ಟೇ. ಅಂಟಿಕೊಂಡ ಮಾತ್ರಕ್ಕೆ ತಿಂದಾಗ ತೊಂದರೆಯಾಗಲೇಬೇಕೆಂದಿಲ್ಲ. ಬರ್ಚ್ ಅಲರ್ಜಿಯಿರುವ ಎಷ್ಟೋ ಜನರಲ್ಲಿ ಸೇಬಿಗೂ ಪಾಸಿಟಿವ್ ಬರುತ್ತದೆ, ಅವರಲ್ಲಿ ಹಲವರು ಸೇಬನ್ನು ಆರಾಮವಾಗಿ ತಿನ್ನುತ್ತಾರೆ. ಇದನ್ನು ನಾನು ಒಂದೇ ಭೇಟಿಯಲ್ಲಿ ಮೂರು ಸಲ ಹೇಳುತ್ತೇನೆ, ಆದರೂ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಹಾಗಾದರೆ ಕ್ಯಾರೆಟ್ಟೂ ಬಿಡಲೇ?" ಎಂದು ಕೇಳುತ್ತಾರೆ.

ನಿವೃತ್ತ ಶಿಕ್ಷಕಿಯೊಬ್ಬರು ಹೀಗೆ ಬಿಡುತ್ತ ಬಿಡುತ್ತ ತಟ್ಟೆಯಲ್ಲಿ ಅನ್ನವನ್ನಷ್ಟೇ ಉಳಿಸಿಕೊಂಡಿದ್ದರು. ವಿಚಾರಿಸಿದಾಗ, ಹಸಿ ಸೇಬು ಕಚ್ಚಿದ ಕೆಲವೇ ನಿಮಿಷಗಳಲ್ಲಿ ತುಟಿ ಮತ್ತು ಅಂಗುಳ ತುರಿಸಿ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯುತ್ತಿತ್ತೆಂದೂ, ಬೇಯಿಸಿದ ಸೇಬಿನಿಂದ ಏನೂ ಆಗುತ್ತಿರಲಿಲ್ಲವೆಂದೂ ತಿಳಿಯಿತು. ಈ ಗುಂಪಿನ ಪ್ರೋಟೀನುಗಳು ಬಿಸಿಗೂ ಜಠರದ ಆಮ್ಲಕ್ಕೂ ಸುಲಭವಾಗಿ ರೂಪಗೆಡುವುದರಿಂದ ತುರಿಕೆ ಸಾಮಾನ್ಯವಾಗಿ ಬಾಯಿಯಲ್ಲೇ ನಿಲ್ಲುತ್ತದೆ. ಅವರು ಬಿಡಬೇಕಾಗಿದ್ದದ್ದು ಹಸಿ ಸೇಬೊಂದನ್ನೇ.

ಇದನ್ನೇ ಎಲ್ಲರಿಗೂ ಅನ್ವಯಿಸಿಕೊಳ್ಳುವುದು ಸರಿಯಲ್ಲ. ಪೀಚಿನ ಸಿಪ್ಪೆಯಲ್ಲಿ ಹೆಚ್ಚಾಗಿರುವ ಲಿಪಿಡ್ ಟ್ರಾನ್ಸ್‌ಫರ್ ಪ್ರೋಟೀನ್ ಎಂಬುದು ಬೇರೆಯೇ ಗುಂಪಿನದು, ಬೇಯಿಸಿದರೂ ಕೆಡುವುದಿಲ್ಲ, ಅದರಿಂದ ತೀವ್ರ ಪ್ರತಿಕ್ರಿಯೆಯಾಗಬಹುದು. ಬರ್ಚ್ ಅಲರ್ಜಿಯಿರುವ ಕೆಲವರಲ್ಲಿ ಸೋಯಾ ಹಾಲನ್ನು ಒಮ್ಮೆಗೇ ಹೆಚ್ಚು ಕುಡಿದಾಗಲೂ ಹೀಗಾದದ್ದುಂಟು. ಮೈಯೆಲ್ಲ ದದ್ದು, ವಾಂತಿ, ಉಸಿರಾಟದ ತೊಂದರೆ ಅಥವಾ ತಲೆಸುತ್ತು ಬಂದರೆ ಅದು ಬಾಯಿಯ ತುರಿಕೆಯ ವಿಚಾರವಲ್ಲ, ತುರ್ತು ಚಿಕಿತ್ಸೆ ಬೇಕು. ಒಮ್ಮೆ ಹಾಗಾದವರು ಯಾವುದನ್ನೂ ಮನೆಯಲ್ಲಿ ತಿಂದು ಪರೀಕ್ಷಿಸಲು ಹೋಗಬಾರದು.

ಉಳಿದವರು ಮುಂದಿನ ಸಲ ಬರುವಾಗ ಏನನ್ನು ತಿಂದಿರಿ, ಹಸಿಯೋ ಬೇಯಿಸಿದ್ದೋ, ಎಷ್ಟು ನಿಮಿಷಕ್ಕೆ ಏನಾಯಿತು, ಆಗ ಪರಾಗದ ಕಾಲವಾಗಿತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ರಿಪೋರ್ಟನ್ನು ನಾನು ಆ ಚೀಟಿಯ ಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ.