ಕೋಟಿ ಕೊಟ್ಟರು ಅಂತಾರಲ್ಲ, ಅದು ಕ್ರೀಡಾಪಟುವಿನ ಕೈಗೆ ಬರುತ್ತಾ?

ಪ್ರಶ್ನೆ: ಪ್ಯಾರಿಸ್ ಒಲಿಂಪಿಕ್ಸ್‌ ತಯಾರಿಗೆ ನೀರಜ್ ಚೋಪ್ರಾಗೆ 5 ಕೋಟಿಗೂ ಜಾಸ್ತಿ, ಪಿ.ವಿ. ಸಿಂಧುಗೆ 3 ಕೋಟಿಗೂ ಜಾಸ್ತಿ ಕೊಟ್ಟರು ಅಂತ ಓದಿದೆ. ಅಷ್ಟೂ ದುಡ್ಡು ಅವರ ಅಕೌಂಟಿಗೆ ಬೀಳುತ್ತಾ?

ಉತ್ತರ: ಇಲ್ಲ. ಸರ್ಕಾರದ ‘ಟಾಪ್ಸ್’ ಪಟ್ಟಿಯಲ್ಲಿ ಇರುವವರಿಗೆ ತಿಂಗಳಿಗೆ 50 ಸಾವಿರ ರೂಪಾಯಿ ಕೈಖರ್ಚಿಗೆ ಸಿಗುತ್ತದೆ. ಮುಂದಿನ ಒಲಿಂಪಿಕ್ಸ್‌ಗಳಿಗೆ ಬೆಳೆಸುತ್ತಿರುವ ಹುಡುಗ ಹುಡುಗಿಯರಿಗೆ 25 ಸಾವಿರ. ಉಳಿದ ಕೋಟಿಯ ಲೆಕ್ಕ ಅವರ ಹೆಸರಿನಲ್ಲಿ ಆದ ಖರ್ಚು.

ಟಾಪ್ಸ್ ಅಂದರೆ ಟಾರ್ಗೆಟ್ ಒಲಿಂಪಿಕ್ ಪೋಡಿಯಂ ಸ್ಕೀಮ್. ಶುರುವಾದದ್ದು 2014ರಲ್ಲಿ. ಪದಕ ಗೆಲ್ಲಬಹುದು ಅನ್ನಿಸಿದವರನ್ನು ಆರಿಸಿ, ಅವರಿಗೆ ಬೇಕಾದ್ದನ್ನು ಒದಗಿಸುವುದು ಇದರ ಕೆಲಸ. ಹಣ ಬರುವುದು 1998ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ನಿಧಿಯಿಂದ. ಎಲ್ಲರಿಗೂ ಸೇರಿ ನಡೆಯುವ ರಾಷ್ಟ್ರೀಯ ಶಿಬಿರಗಳ ಖರ್ಚು ಬೇರೆ ಬಾಬ್ತು. ಅದು ಆಯಾ ಕ್ರೀಡಾ ಫೆಡರೇಷನ್‌ಗೆ ಕೊಡುವ ವಾರ್ಷಿಕ ನೆರವಿನಿಂದ ನಡೆಯುತ್ತದೆ.

ಖರ್ಚು ಹೇಗೆ ಮಂಜೂರಾಗುತ್ತದೆ ಅನ್ನುವುದಕ್ಕೆ ನೀರಜ್ ಅವರದೇ ಒಂದು ಉದಾಹರಣೆ ನೋಡಿ. 2023ರ ಏಪ್ರಿಲ್, ಮೇ ತಿಂಗಳಲ್ಲಿ ಅವರು ಟರ್ಕಿಯಲ್ಲಿ ತರಬೇತಿಗೆ ಹೋಗಬೇಕಿತ್ತು. ‘ಮಿಷನ್ ಒಲಿಂಪಿಕ್ ಸೆಲ್’ ಅನ್ನುವ ಸಮಿತಿ ಮುಂದೆ ಪ್ರಸ್ತಾವ ಬಂತು. ಅವರ ಮತ್ತು ಜೊತೆಗೆ ಹೋಗುವ ಕೋಚ್, ಫಿಸಿಯೊ ಇವರ ವಿಮಾನ ಟಿಕೆಟ್, ಊಟ, ವಸತಿ, ವೈದ್ಯಕೀಯ ವಿಮೆ, ಓಡಾಟ ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು. ಎರಡು ತಿಂಗಳು, ಮೂರು ಜನ, ವಿದೇಶದ ದರ. ಇಂಥವು ಮೂರು ವರ್ಷ ಕೂಡಿದರೆ ಕೋಟಿ ದಾಟುವುದು ದೊಡ್ಡ ಮಾತಲ್ಲ. ನಮಗೆ ಪೇಪರಿನಲ್ಲಿ ಕಾಣುವುದು ಮಾತ್ರ ಕೊನೆಯ ಮೊತ್ತ.

ಇದರಿಂದ ಆಟಗಾರರಿಗೆ ಮುಜುಗರ ಆಗುವುದೂ ಉಂಟು. ಪ್ಯಾರಿಸ್ ಮುಗಿದ ಮೇಲೆ ಹೊರಬಂದ ಖರ್ಚಿನ ಪಟ್ಟಿಯಲ್ಲಿ ನಮ್ಮ ಕೊಡಗಿನ ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಹೆಸರಿನ ಮುಂದೆ ಸುಮಾರು 1.5 ಕೋಟಿ ಇತ್ತು. ಇದನ್ನು ನೋಡಿ ಶಾಕ್ ಆಯಿತು, ನನಗೆ ಅಂಥ ಹಣ ಬಂದೇ ಇಲ್ಲ ಎಂದು ಅಶ್ವಿನಿ ಬಹಿರಂಗವಾಗಿಯೇ ಹೇಳಿದರು. 2023ರ ನವೆಂಬರ್‌ವರೆಗೆ ಟೂರ್ನಿಗಳಿಗೆ ಸ್ವಂತ ದುಡ್ಡಿನಲ್ಲಿ ಹೋಗಿದ್ದೆ, ಕೋಚ್ ಕೇಳಿದರೂ ಕೊಡಲಿಲ್ಲ, ಟ್ರೈನರ್‌ಗೆ ನಾನೇ ಸಂಬಳ ಕೊಡುತ್ತಿದ್ದೇನೆ ಎಂದರು. ಶಿಬಿರದಲ್ಲಿ ಎಲ್ಲರಿಗೂ ಸೇರಿ ಆದ ಖರ್ಚನ್ನು ಒಬ್ಬರ ಹೆಸರಿಗೆ ಬರೆದಂತೆ ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಮೊತ್ತ ಪ್ರಕಟಿಸುವಾಗ ಕೈಗೆ ಕೊಟ್ಟದ್ದು ಎಷ್ಟು, ಗುಂಪಿನ ಖರ್ಚು ಎಷ್ಟು ಅಂತ ಬಿಡಿಸಿ ಹೇಳಿದರೆ ಈ ಗೊಂದಲವೇ ಇರುವುದಿಲ್ಲ.

ನನಗೆ ಅಶ್ವಿನಿ ಮಾತಿನಲ್ಲಿ ಮುಖ್ಯ ಅನ್ನಿಸಿದ್ದು ಆ ‘ಸ್ವಂತ ದುಡ್ಡು’. ಟಾಪ್ಸ್ ಪಟ್ಟಿಗೆ ಬರಬೇಕಾದರೆ ಮೊದಲು ಫಲಿತಾಂಶ ಬೇಕು. ಬ್ಯಾಡ್ಮಿಂಟನ್‌ನಂಥ ಆಟದಲ್ಲಿ ರ್‍ಯಾಂಕಿಂಗ್ ಏರಬೇಕಾದರೆ ವಿದೇಶದ ಟೂರ್ನಿ ಆಡಬೇಕು. ಆಡುವುದಕ್ಕೆ ದುಡ್ಡು ಬೇಕು. ಪಟ್ಟಿಗೆ ಬಂದ ಮೇಲೆ ಟಾಪ್ಸ್ ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಪಟ್ಟಿಯ ಹೊಸ್ತಿಲಲ್ಲಿ ನಿಂತವರದ್ದೇ ಕಷ್ಟ. ಅಲ್ಲಿ ಅಪ್ಪ ಅಮ್ಮನ ಉಳಿತಾಯವೇ ಗತಿ, ಇಲ್ಲವೇ ಯಾರಾದರೂ ಪ್ರಾಯೋಜಕರು ಸಿಗಬೇಕು.

ಇನ್ನೂ ಕೆಳಗಿನ ಹಂತದಲ್ಲಿ, ಎಳೆಯ ಪ್ರತಿಭೆಗಳನ್ನು ಬೆಳೆಸುವ ಕೇಂದ್ರ ಸರ್ಕಾರದ ಯೋಜನೆ ಖೇಲೋ ಇಂಡಿಯಾ ಇದೆ. ಅಲ್ಲೂ ಲೆಕ್ಕ ಇದೇ ಥರ. ಆಯ್ಕೆಯಾದವರಿಗೆ ವರ್ಷಕ್ಕೆ 6.28 ಲಕ್ಷ ಅನ್ನುತ್ತಾರೆ. ಅದರಲ್ಲಿ ಮಗುವಿನ ಕೈಖರ್ಚಿಗೆ ಬರುವುದು 1.20 ಲಕ್ಷ, ಅಂದರೆ ತಿಂಗಳಿಗೆ 10 ಸಾವಿರ. ಮಿಕ್ಕಿದ್ದು ತರಬೇತಿ, ಆಹಾರ, ಸಲಕರಣೆ, ವಿಮೆಗೆ.

ಹಾಗಾದರೆ ನೇರವಾಗಿ ಅಕೌಂಟಿಗೇ ಬೀಳುವ ದೊಡ್ಡ ಮೊತ್ತ ಯಾವುದೂ ಇಲ್ಲವೇ? ಇದೆ, ಗೆದ್ದ ಮೇಲೆ. ಒಲಿಂಪಿಕ್ಸ್ ಚಿನ್ನಕ್ಕೆ ಕೇಂದ್ರ ಸರ್ಕಾರ 75 ಲಕ್ಷ, ಬೆಳ್ಳಿಗೆ 50 ಲಕ್ಷ, ಕಂಚಿಗೆ 30 ಲಕ್ಷ ಕೊಡುತ್ತದೆ. ರಾಜ್ಯ ಸರ್ಕಾರಗಳು ಘೋಷಿಸುವ ಬಹುಮಾನ ಬೇರೆ. ಅದು ತಯಾರಿಗೆ ಕೊಟ್ಟ ನೆರವಲ್ಲ, ಬಹುಮಾನ. ಸುದ್ದಿಯಲ್ಲಿ ಎರಡನ್ನೂ ಒಟ್ಟಿಗೆ ಕೂಡಿಸಿ ಹೇಳಿದ್ದರೆ, ಬಿಡಿಸಿ ಓದಿಕೊಳ್ಳಿ.